ಬೆಲ್ಲವು ನೀರೊಡೆಯುವುದೇಕೆ?

ಬಾಗಲಕೋಟೆಯ ಪೇಟೆಯಿಂದ ಒಂದೇ ದಿನ ತಂದ ಎರಡು ಪೆಂಟೆ ಬೆಲ್ಲಗಳಲ್ಲಿ ಒಂದು ಆಷಾಢದ ಗಾಳಿಗೂ ಗಟ್ಟಿಯಾಗಿ ನಿಲ್ಲುವುದು. ಮತ್ತೊಂದು ನಾಲ್ಕು ದಿನಗಳಲ್ಲಿಯೇ ನೀರೊಡೆದು ಗಡಿಗೆಯ ತಳಕ್ಕೆ ಅಂಟುವುದು. ಬಾದಾಮಿ, ಹುನಗುಂದ, ಇಳಕಲ್ಲುಗಳ ಜೋಳದ ಸೀಮೆಯ ಗೃಹಿಣಿಯರಿಗೆ ಇದು ಹೊಸ ಸಂಗತಿಯಲ್ಲ. ಕೊಂಡವರ ನಷ್ಟ ಅಲ್ಪ. ಮುಧೋಳ, ಮಹಾಲಿಂಗಪುರಗಳ ಕಡೆ ಕಬ್ಬು ಬೆಳೆದು ಗಾಣವಾಡಿಸಿದ ರೈತನಿಗಾದರೋ ವರ್ಷದ ದುಡಿಮೆಯ ಬೆಲೆಯೇ ಇಳಿದುಹೋಗುವುದು. ದೋಷವೆಲ್ಲಿಯದೆಂಬುದನ್ನು ನಾವು ಒಂದು ಗಾಜಿನ ನಳಿಗೆಯಲ್ಲಿ ಕಾಣಬಹುದು.

ಕಬ್ಬಿನ ಸಕ್ಕರೆ, ಎಂದರೆ ಸುಕ್ರೋಸು, ಒಂಟಿ ಸಕ್ಕರೆಯಲ್ಲ. ಗ್ಲೂಕೋಸು, ಫ್ರಕ್ಟೋಸು ಎಂಬ ಎರಡು ಸರಳ ಸಕ್ಕರೆಗಳ ಜೋಡಿ. ಈ ಸರಳ ಸಕ್ಕರೆಗಳನ್ನು ಪತ್ತೆಹಚ್ಚಲು ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ವಿಜ್ಞಾನಿಯು 20ನೆಯ ಶತಮಾನದ ಮೊದಲ ದಶಕದಲ್ಲಿ ಒಂದು ನೀಲಿ ದ್ರಾವಣವನ್ನು ರೂಪಿಸಿದನು. 1 ಲೀಟರಿನಲ್ಲಿ 17.3 ಗ್ರಾಂ ಮೈಲುತುತ್ತ, 173 ಗ್ರಾಂ ಸೋಡಿಯಂ ಸಿಟ್ರೇಟು, 100 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೊನೇಟು: ಇಷ್ಟೇ ಅದರ ಸಾಮಗ್ರಿ. ಇದರ 5 ಮಿಲಿಲೀಟರಿಗೆ ಗ್ಲೂಕೋಸಿನ ನೀರನ್ನು 8 ಹನಿ ಹಾಕಿ ಕುದಿಸಿದರೆ ನೀಲಿಯು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣದ ಗಸಿಯಾಗಿ ಕೂಡುವುದು. ಸಕ್ಕರೆಯು ತಾಮ್ರಕ್ಕೆ ಎಲೆಕ್ಟ್ರಾನುಗಳನ್ನು ಕೊಟ್ಟು ತಾನು ಆಮ್ಲವಾಗಿ ಮಾರ್ಪಡುತ್ತದೆ. ಹಿಂದೆ ವೈದ್ಯರು ಮಧುಮೇಹಿಗಳ ಮೂತ್ರವನ್ನು ಪರೀಕ್ಷಿಸುತ್ತಿದ್ದುದೂ ಇದರಿಂದಲೇ.

ಈಗ ಅಂಗಡಿಯ ಬಿಳಿ ಸಕ್ಕರೆಯನ್ನು ಹಾಕಿ ನೋಡೋಣ: ನೀಲಿ ಕದಲದು. ತಾಮ್ರದೊಡನೆ ವರ್ತಿಸಬೇಕಾದ ತುದಿಗಳೆರಡೂ ಸುಕ್ರೋಸಿನಲ್ಲಿ ಒಂದನ್ನೊಂದು ಹಿಡಿದುಕೊಂಡಿವೆ. ಅದೇ ಸಕ್ಕರೆನೀರಿಗೆ ತುಸು ಆಮ್ಲ ಬೆರೆಸಿ ಕಾಯಿಸಿ, ಸೋಡಾದಿಂದ ಹುಳಿ ತೆಗೆದು ಪರೀಕ್ಷಿಸಿದರೆ ಕೆಂಪು ಕಾಣುತ್ತದೆ. ಆಮ್ಲವು ಜೋಡಿಯನ್ನು ಬಿಡಿಸಿತು.

ಗಾಣದ ಕೊಪ್ಪರಿಗೆಯಲ್ಲಿ ನಡೆಯುವುದೂ ಇದೇ. ಕಬ್ಬಿನ ಹಾಲು ಸ್ವಭಾವತಃ ತುಸು ಹುಳಿ. ಕಡಿದ ಕಬ್ಬು ದಿನಗಟ್ಟಲೆ ಬಿದ್ದಿದ್ದರಂತೂ ಸುಕ್ರೋಸು ಒಡೆಯುವ ಕಾರ್ಯವು ಹೊಲದಲ್ಲಿಯೇ ಆರಂಭವಾಗಿರುತ್ತದೆ. ಒಡೆದ ಸಕ್ಕರೆ, ವಿಶೇಷವಾಗಿ ಫ್ರಕ್ಟೋಸು, ಹರಳುಗಟ್ಟಲು ಒಲ್ಲದು. ಗಾಳಿಯ ತೇವವನ್ನು ಎಳೆದುಕೊಳ್ಳುವುದು. ಅದಕ್ಕೆಂದೇ ಅನುಭವಿಗಳು ಹಾಲಿಗೆ ಸುಣ್ಣದ ತಿಳಿಯನ್ನು ಸೇರಿಸಿ ಹುಳಿಯನ್ನು ಮುರಿಯುತ್ತಾರೆ. ಕೈ ಹೆಚ್ಚಾದರೆ ಕ್ಷಾರದಲ್ಲಿ ಸರಳ ಸಕ್ಕರೆಗಳು ಕೆಟ್ಟು ಬೆಲ್ಲ ಕಪ್ಪಾಗುವುದು. ಆ ಕಪ್ಪನ್ನು ಅಳಿಸಲು ಕೆಲವರು ಹೈಡ್ರೋಸು ಎಂಬ ಪುಡಿಯನ್ನು ಹಾಕುವರು. ಹೊಳೆಯುವ ಹಳದಿಯನ್ನೇ ನೋಡಿ ಬೆಲೆ ಕಟ್ಟುವ ನಮ್ಮ ಪಾಲೂ ಇದರಲ್ಲಿ ಇಲ್ಲದಿಲ್ಲ.

ಎರಡೂ ಪೆಂಟೆಗಳಿಂದ ಸಮತೂಕದ ಚೂರುಗಳನ್ನು ತೆಗೆದು, ಬಹಳ ತೆಳ್ಳಗೆ, ಒಂದೇ ಪ್ರಮಾಣದ ನೀರಿನಲ್ಲಿ ಕರಗಿಸಿ ನೀಲಿ ದ್ರಾವಣದೊಡನೆ ಕುದಿಸಿದರೆ, ಯಾವ ಬೆಲ್ಲವೂ ಪೂರ್ಣ ನೀಲಿಯಾಗಿ ಉಳಿಯದು. ಆದರೆ ಗಡಿಗೆಗೆ ಅಂಟಿದುದು ಕೆಂಪಿನ ಕಡೆಗೆ ಹೆಚ್ಚು ಸಾಗಿರುವುದನ್ನು ಕಾಣಬಹುದು.