ನೌಕಾಪಡೆಯ ತೈಲ ಮತ್ತು ಪರ್ಷಿಯಾದ ಪಾಲು

ಒಂದು ಇಂಧನವನ್ನು ತೊರೆದು ಇನ್ನೊಂದನ್ನು ಹಿಡಿಯುವುದು ಕೇವಲ ಯಂತ್ರಶಾಸ್ತ್ರಕ್ಕೆ ಸೇರಿದ ವಿಷಯವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಸೂರ್ಯನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯುವ ಪ್ರಯತ್ನ ಎಲ್ಲೆಡೆ ನಡೆದಿರುವ ಈ ಕಾಲದಲ್ಲಿ, ಹಿಂದಿನ ಇಂತಹುದೇ ಒಂದು ಪರಿವರ್ತನೆಯನ್ನು ಪರಿಶೀಲಿಸಬೇಕೆಂದು ನಮಗೆ ತೋರುತ್ತದೆ. ಅದು ಬ್ರಿಟಿಷ್ ನೌಕಾಪಡೆಯು ಕಲ್ಲಿದ್ದಲನ್ನು ಬಿಟ್ಟು ಖನಿಜತೈಲಕ್ಕೆ ತಿರುಗಿದ ಸಂದರ್ಭ.

ತೈಲದ ಗುಣಗಳು ನಿರ್ವಿವಾದವಾದುವು. ಅಷ್ಟೇ ತೂಕದ ಕಲ್ಲಿದ್ದಲಿಗಿಂತ ಅದು ಹೆಚ್ಚು ಶಾಖವನ್ನು ಕೊಡುತ್ತದೆ; ಸಲಿಕೆ ಹಿಡಿದು ಒಲೆಗೆ ಇದ್ದಲೆಸೆಯುವ ಆಳುಗಳ ದಂಡು ಬೇಕಿಲ್ಲ. 1911ರಲ್ಲಿ ನೌಕಾಖಾತೆಯ ಸಚಿವರಾದ ವಿನ್‌ಸ್ಟನ್ ಚರ್ಚಿಲ್ ಹೊಸ ಯುದ್ಧನೌಕೆಗಳನ್ನು ತೈಲದಿಂದಲೇ ನಡೆಸಲು ನಿಶ್ಚಯಿಸಿದರು. ಆದರೆ ಉತ್ಕೃಷ್ಟವಾದ ಕಲ್ಲಿದ್ದಲು ವೇಲ್ಸಿನ ಗಣಿಗಳಲ್ಲಿಯೇ ದೊರೆಯುತ್ತಿತ್ತು. ತೈಲಕ್ಕಾದರೋ ಹೊರಗೆ ಕೈಚಾಚಬೇಕಾಗಿತ್ತು. ಮನೆಯ ಇಂಧನವನ್ನು ಬಿಟ್ಟ ರಾಜ್ಯಕ್ಕೆ ಪರರ ನೆಲದ ಮೇಲೆ ಹಿಡಿತ ಬೇಕಾಯಿತು.

ಆ ನೆಲ ಪರ್ಷಿಯಾ, ಎಂದರೆ ಇಂದಿನ ಇರಾನ್. ಅದು ಹೆಸರಿಗೆ ಯಾರ ವಸಾಹತೂ ಆಗಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 1901ರಲ್ಲಿ ವಿಲಿಯಂ ನಾಕ್ಸ್ ಡಾರ್ಸಿ ಎಂಬ ಬಂಡವಳಿಗನು, ಉತ್ತರದ ಐದು ಪ್ರಾಂತಗಳನ್ನುಳಿದು, ಇಡೀ ದೇಶದ ತೈಲದ ಹಕ್ಕನ್ನು 60 ವರ್ಷಗಳ ಅವಧಿಗೆ ಷಾನಿಂದ ಪಡೆದಿದ್ದನು. ಪ್ರತಿಯಾಗಿ 20,000 ಪೌಂಡ್ ನಗದು, ಅಷ್ಟೇ ಮೊತ್ತದ ಷೇರುಗಳು, ಮತ್ತು ನಿವ್ವಳ ಲಾಭದಲ್ಲಿ ಶೇಕಡ 16. 1908ರಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ತೈಲ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಸ್ಥಾಪಿತವಾಯಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಸುಮಾರು 20 ಲಕ್ಷ ಪೌಂಡ್ ತೊಡಗಿಸಿ ಕಂಪನಿಯ ಶೇಕಡ 51ರಷ್ಟು ಒಡೆತನವನ್ನು ಪಡೆಯಿತು.

‘ನಿವ್ವಳ ಲಾಭ’ ಎಂಬ ಎರಡು ಮಾತುಗಳಲ್ಲಿಯೇ ಇಲ್ಲಿಯ ರಾಜಕಾರಣವೆಲ್ಲ ಅಡಗಿದೆಯೆಂದು ನಮ್ಮ ಅಭಿಪ್ರಾಯ. ನೌಕಾಪಡೆಗೆ ತೈಲವು ಮಾರುಕಟ್ಟೆಯ ದರಕ್ಕಿಂತ ಅಗ್ಗವಾಗಿ ಸಲ್ಲುತ್ತಿತ್ತು. ಕೊಳ್ಳುವುದೂ ಬ್ರಿಟಿಷ್ ಸರ್ಕಾರ. ಮಾರುವ ಕಂಪನಿಯ ಮುಖ್ಯ ಒಡೆಯನೂ ಅದೇ. ದರ ಇಳಿದಷ್ಟೂ ಕಂಪನಿಯ ಲಾಭ ಇಳಿಯಿತು, ಲಾಭ ಇಳಿದಷ್ಟೂ ಪರ್ಷಿಯಾದ ಪಾಲು ಕುಗ್ಗಿತು. ಬ್ರಿಟನ್ ಮಾತ್ರ ಲಾಭದಲ್ಲಿ ಕಳೆದುಕೊಂಡುದನ್ನು ಅಗ್ಗದ ಇಂಧನದ ರೂಪದಲ್ಲಿ ಮರಳಿ ಪಡೆಯುತ್ತಿತ್ತು. ಲೆಕ್ಕದ ಪುಸ್ತಕಗಳಿದ್ದುದು ಲಂಡನ್ನಿನಲ್ಲಿ. ಇಂಧನಗಳ ಚರಿತ್ರೆಯನ್ನು ಬರೆದವರು ಬಾಯ್ಲರುಗಳ ವರ್ಣನೆಗೆ ಕೊಟ್ಟಷ್ಟು ಪುಟಗಳನ್ನು ಈ ಲೆಕ್ಕಕ್ಕೆ ಕೊಟ್ಟಿದ್ದರೆ ಒಳ್ಳೆಯದಾಗುತ್ತಿತ್ತು. ಭಾರತಕ್ಕೂ ಇದರಲ್ಲಿ ಸಂಬಂಧವಿಲ್ಲದೆ ಇಲ್ಲ: ಅಬಾದಾನಿನ ತೈಲಶುದ್ಧಿ ಕಾರ್ಖಾನೆಯಲ್ಲಿ ದುಡಿಯಲು ಕಂಪನಿಯು ಇಲ್ಲಿಂದ ಆಳುಗಳನ್ನು ಕರೆದೊಯ್ದಿತ್ತು, 1920ರಲ್ಲಿ ಅವರು ಅಲ್ಲಿ ಮುಷ್ಕರ ಹೂಡಿದರು.

1932ರಲ್ಲಿ ರೆಜಾ ಷಾ ಹಳೆಯ ಒಪ್ಪಂದವನ್ನು ರದ್ದುಮಾಡಿದನು. ಮರುವರ್ಷದ ಹೊಸ ಒಪ್ಪಂದವಾದರೋ ಕಂಪನಿಯ ಅವಧಿಯನ್ನು 1993ರವರೆಗೆ ಬೆಳೆಸಿತು. 1951ರಲ್ಲಿ ಇರಾನಿನ ಸಂಸತ್ತು ತೈಲೋದ್ಯಮವನ್ನು ರಾಷ್ಟ್ರೀಕರಿಸಿತು. ಅದರ ಮುಂದಾಳಾದ ಮೊಹಮ್ಮದ್ ಮೊಸಾದೆಕ್ ಪ್ರಧಾನಿಯಾದರು. ಬ್ರಿಟನ್ ಇರಾನಿನ ತೈಲಕ್ಕೆ ಬಹಿಷ್ಕಾರ ಹಾಕಿತು. 1953ರ ಆಗಸ್ಟಿನಲ್ಲಿ ಬ್ರಿಟಿಷ್ ಹಾಗೂ ಅಮೆರಿಕನ್ ಗುಪ್ತಚರ ಸಂಸ್ಥೆಗಳ ಕೈವಾಡದಿಂದ ಮೊಸಾದೆಕ್ ಪದಚ್ಯುತರಾದರು. 1954ರಲ್ಲಿ ಹಲವು ವಿದೇಶೀ ಕಂಪನಿಗಳ ಕೂಟವೊಂದು ಏರ್ಪಟ್ಟು, ಹಳೆಯ ಕಂಪನಿಗೆ ಅದರಲ್ಲಿ ಶೇಕಡ 40 ಉಳಿಯಿತು. ಲಾಭದಲ್ಲಿ ಅರ್ಧ ಇರಾನಿಗೆಂದು ಗೊತ್ತಾಯಿತು. ಕೂಟದ ಲೆಕ್ಕಗಳನ್ನು ತಪಾಸಣೆ ಮಾಡುವ ಅಧಿಕಾರ ಮಾತ್ರ ಅದಕ್ಕೆ ದೊರೆಯಲಿಲ್ಲ.