ಹರಿತದ ಹಿಂದಿನ ಹದ

ಅಂಗಡಿಯಿಂದ ತಂದ ದಿನ ಚಾಕು ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲ ವಾರ ಟೊಮೆಟೊ ಹಣ್ಣನ್ನು ಬೆಣ್ಣೆಯಂತೆ ಕತ್ತರಿಸಿತು. ತಿಂಗಳು ತುಂಬುವಷ್ಟರಲ್ಲಿ ಅದೇ ಚಾಕು ಹಣ್ಣಿನ ಸಿಪ್ಪೆಯ ಮೇಲೆ ಜಾರತೊಡಗಿತು. ಅಮ್ಮ ಇನ್ನಷ್ಟು ಬಲವಾಗಿ ಒತ್ತಿದರು. ಚಾಕು ಹಣ್ಣನ್ನು ಬಿಟ್ಟು ಬೆರಳಿಗೆ ಬಂತು.

ಅದೇ ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ಕಾಲದ ಈಳಿಗೆ ಮಣೆ ಇದೆ. ಅಲಗು ಕಪ್ಪಾಗಿದೆ, ಅಲ್ಲಲ್ಲಿ ತುಕ್ಕಿನ ಕಲೆಯೂ ಇದೆ. ಆದರೆ ವರ್ಷಕ್ಕೆ ಒಂದೆರಡು ಬಾರಿ ಕಲ್ಲಿಗೆ ಉಜ್ಜಿದರೆ ಸಾಕು, ಕುಂಬಳಕಾಯಿಯನ್ನೂ ಸಲೀಸಾಗಿ ಸೀಳುತ್ತದೆ. 'ಹೊಸದು ಸ್ಟೀಲು, ಹಳೆಯದು ಬರೀ ಕಬ್ಬಿಣ. ಆದರೂ ಹಳೆಯದೇ ಹರಿತ ಯಾಕಮ್ಮ?' ಎಂದು ಮನೆಯ ಮಗು ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಲೋಹವಿಜ್ಞಾನದ ಅರ್ಧ ಪಾಠವೇ ಆ ಪ್ರಶ್ನೆಯೊಳಗೆ ಅಡಗಿದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಅಜ್ಜಿಯ ಈಳಿಗೆಯ ಅಲಗು ಬರೀ ಕಬ್ಬಿಣವಲ್ಲ, ಅದೂ ಉಕ್ಕೇ. ಹೊಸ ಚಾಕುವೂ ಉಕ್ಕೇ. ಆದರೆ 'ಉಕ್ಕು' ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಅದು ನೂರಾರು ಸದಸ್ಯರಿರುವ ಒಂದು ದೊಡ್ಡ ಕುಟುಂಬದ ಹೆಸರು.

ಚಿಟಿಕೆಯಷ್ಟು ಇಂಗಾಲ

ಶುದ್ಧ ಕಬ್ಬಿಣ ಮೃದುವಾದ ಲೋಹ. ಅದರಿಂದ ಚಾಕು ಮಾಡಿದರೆ ಅಂಚು ಮಡಚಿಕೊಳ್ಳುತ್ತದೆ. ಅದಕ್ಕೆ ಚಿಟಿಕೆಯಷ್ಟು ಇಂಗಾಲ ಸೇರಿದಾಗ ಅದರ ಗುಣವೇ ಬದಲಾಗುತ್ತದೆ. ಕಟ್ಟಡಕ್ಕೆ ಬಳಸುವ ಸಾಮಾನ್ಯ ಮೃದು ಉಕ್ಕಿನಲ್ಲಿ ಇಂಗಾಲ ಶೇ 0.2ರ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಅಲಗಿಗೆ ಸಾಮಾನ್ಯವಾಗಿ ಶೇ 0.5ರಿಂದ 1ರವರೆಗೆ ಬೇಕು.

ಆದರೆ ಇಂಗಾಲವಿದ್ದ ಮಾತ್ರಕ್ಕೆ ಉಕ್ಕು ಗಡಸಾಗುವುದಿಲ್ಲ. ಒಂದೇ ಬೆಲ್ಲದಿಂದ ಎಳೆಪಾಕವನ್ನೂ ತೆಗೆಯಬಹುದು, ಹಲ್ಲಿಗೆ ಕಲ್ಲಾಗುವ ಗಟ್ಟಿಪಾಕವನ್ನೂ ತೆಗೆಯಬಹುದು. ವ್ಯತ್ಯಾಸ ಬೆಲ್ಲದ್ದಲ್ಲ, ಒಲೆಯದ್ದು. ಉಕ್ಕಿನ ವಿಷಯದಲ್ಲೂ ಹಾಗೆಯೇ.

ಸಾಮಾನ್ಯ ಉಷ್ಣತೆಯಲ್ಲಿ ಕಬ್ಬಿಣದ ಪರಮಾಣುಗಳು ಘನಾಕೃತಿಯ ಎಂಟು ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಎಂಬಂತೆ ಜೋಡಿಸಿಕೊಂಡಿರುತ್ತವೆ. ಈ ಜೋಡಣೆಯಲ್ಲಿ ಇಂಗಾಲಕ್ಕೆ ಜಾಗವೇ ಇಲ್ಲವೆನ್ನಬಹುದು. ಹೆಚ್ಚೆಂದರೆ ಶೇ 0.02ರಷ್ಟು ಮಾತ್ರ ಕರಗುತ್ತದೆ. ಉಕ್ಕನ್ನು ಕೆಂಪಗೆ ಕಾಯಿಸಿದಾಗ ಪರಮಾಣುಗಳು ಸಾಲು ಬದಲಿಸುತ್ತವೆ. ಎಂಟು ಮೂಲೆಗಳ ಜತೆಗೆ ಆರು ಮುಖಗಳ ನಡುವೆಯೂ ಒಂದೊಂದು ನಿಲ್ಲುತ್ತವೆ. ಬ್ರಿಟಿಷ್ ವಿಜ್ಞಾನಿ ರಾಬರ್ಟ್ಸ್-ಆಸ್ಟೆನ್ ಅವರ ಹೆಸರಿನಿಂದ ಇದಕ್ಕೆ 'ಆಸ್ಟೆನೈಟ್' ಎನ್ನುತ್ತಾರೆ. ಇದರಲ್ಲಿ ಶೇ 2ರವರೆಗೂ ಇಂಗಾಲ ಕರಗಬಲ್ಲದು.

ಈಗ ಇದನ್ನು ನಿಧಾನವಾಗಿ ಆರಲು ಬಿಟ್ಟರೆ ಇಂಗಾಲಕ್ಕೆ ಹೊರಗೆ ಬರಲು ಪುರಸೊತ್ತು ಸಿಗುತ್ತದೆ, ಉಕ್ಕು ಮೃದುವಾಗಿಯೇ ಉಳಿಯುತ್ತದೆ. ಬದಲಿಗೆ ಕೆಂಪಗಿರುವಾಗಲೇ ನೀರಿಗೋ ಎಣ್ಣೆಗೋ ಅದ್ದಿದರೆ? ಕಬ್ಬಿಣದ ಪರಮಾಣುಗಳು ಹಳೆಯ ಜೋಡಣೆಗೆ ಮರಳಲು ಧಾವಿಸುತ್ತವೆ. ಇಂಗಾಲ ಮಾತ್ರ ಒಳಗೇ ಸಿಕ್ಕಿಬೀಳುತ್ತದೆ. ಘನಾಕೃತಿ ಒಂದು ದಿಕ್ಕಿಗೆ ಎಳೆದಂತಾಗಿ ಬಿಗಿದು ನಿಲ್ಲುತ್ತದೆ. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನ 'ಮಾರ್ಟೆನ್‌ಸೈಟ್' ಇದೇ. ಅಲಗಿನ ಗಡಸುತನದ ಗುಟ್ಟೂ ಇದೇ.

ಆದರೆ ಹೀಗೆ ಅದ್ದಿದ ಉಕ್ಕು ಬಿಗಿದ ತಂತಿಯಂತೆ. ಕೆಳಗೆ ಬಿದ್ದರೆ ಸೀಳಿಹೋದೀತು. ಆದ್ದರಿಂದ ಅದನ್ನು ಮತ್ತೆ ಸ್ವಲ್ಪ ಕಾಯಿಸಿ, ಗಡಸುತನವನ್ನು ಒಂದಿಷ್ಟು ಬಿಟ್ಟುಕೊಟ್ಟು, ಮುರಿಯದೆ ತಾಳುವ ಗುಣವನ್ನು ಪಡೆಯಬೇಕು. ಕುಲುಮೆಯ ಭಾಷೆಯಲ್ಲಿ ಇದೇ 'ಹದ'. ಹಳೆಯ ಲಾರಿಯ ಕಮಾನು ಪಟ್ಟಿಯನ್ನು ಕಾಯಿಸಿ, ಬಡಿದು ಮಚ್ಚು ಮಾಡುವ ಹಳ್ಳಿಯ ಕಮ್ಮಾರ ಉಷ್ಣತಾಮಾಪಕ ಇಟ್ಟುಕೊಂಡಿರುವುದಿಲ್ಲ. ಕಾದ ಲೋಹದ ಬಣ್ಣವೇ ಅವನಿಗೆ ಅಳತೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿನ ಮೈ ಒಣಹುಲ್ಲಿನ ಬಣ್ಣಕ್ಕೂ, 300 ಡಿಗ್ರಿಯ ಸುಮಾರಿಗೆ ನೀಲಿಗೂ ತಿರುಗುತ್ತದೆ.

ತುಕ್ಕಿಗೆ ಮದ್ದು

ಇಂಗಾಲದ ಉಕ್ಕಿಗೆ ಒಂದು ಶತ್ರು ಉಂಟು. ನಿಂಬೆಹಣ್ಣು ಕತ್ತರಿಸಿ ತೊಳೆಯದೆ ಇಟ್ಟರೆ ಅಲಗು ಕಪ್ಪಾಗುತ್ತದೆ, ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಇದಕ್ಕೆ ಮದ್ದು ಸಿಕ್ಕಿದ್ದು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ, 1913ರಲ್ಲಿ. ಹ್ಯಾರಿ ಬ್ರೇರ್ಲಿ ಎಂಬ ಲೋಹತಜ್ಞ ಹುಡುಕುತ್ತಿದ್ದುದು ಚಾಕುವಿನ ಉಕ್ಕನ್ನಲ್ಲ, ಬೇಗ ಸವೆಯದ ಬಂದೂಕಿನ ನಳಿಕೆಗೆ ತಕ್ಕ ಉಕ್ಕನ್ನು. ಶೇ 12.8 ಕ್ರೋಮಿಯಂ, ಶೇ 0.24 ಇಂಗಾಲವಿದ್ದ ಒಂದು ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಆಮ್ಲದಿಂದ ಕೊರೆಯಹೊರಟಾಗ ಅದು ಆಮ್ಲಕ್ಕೆ ಜಗ್ಗಲಿಲ್ಲ. ಚಾಕು-ಕತ್ತರಿಗಳ ಊರಿನಲ್ಲೇ ಹುಟ್ಟಿ ಬೆಳೆದ ಬ್ರೇರ್ಲಿಗೆ ಅದರ ಬೆಲೆ ಹೊಳೆಯಲು ತಡವಾಗಲಿಲ್ಲ.

ಕ್ರೋಮಿಯಂ ಇಲ್ಲಿ ಮಾಡುವ ಕೆಲಸ ಸರಳ. ಗಾಳಿಯ ಆಮ್ಲಜನಕದೊಡನೆ ಸೇರಿ ಅಲಗಿನ ಮೈಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗ. ಗೀರು ಬಿದ್ದರೂ ಪೊರೆ ತಾನಾಗಿಯೇ ಮತ್ತೆ ಕೂಡುತ್ತದೆ. ಇದಕ್ಕೆ ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಬೇಕು.

ಇಲ್ಲೊಂದು ತೊಡಕಿದೆ. ಇಂಗಾಲಕ್ಕೂ ಕ್ರೋಮಿಯಂಗೂ ಬಲು ಸ್ನೇಹ. ಇಂಗಾಲ ಹೆಚ್ಚಾದರೆ ಅದು ಕ್ರೋಮಿಯಂ ಅನ್ನು ಸೆಳೆದುಕೊಂಡು 'ಕಾರ್ಬೈಡ್' ಎಂಬ ಗಟ್ಟಿ ಕಣಗಳಾಗುತ್ತದೆ. ತುಕ್ಕು ತಡೆಯಲು ಉಳಿಯುವ ಕ್ರೋಮಿಯಂ ಕಡಿಮೆಯಾಗುತ್ತದೆ. 'ಡಿ2' ಎಂಬ ಉಕ್ಕಿನಲ್ಲಿ ಶೇ 12ರಷ್ಟು ಕ್ರೋಮಿಯಂ ಇದ್ದರೂ ಇಂಗಾಲ ಶೇ 1.5ರಷ್ಟಿರುವುದರಿಂದ ಅದಕ್ಕೆ ತುಕ್ಕು ಹಿಡಿಯಬಲ್ಲದು. ಚೀಟಿಯ ಮೇಲಿನ ಒಂದೇ ಅಂಕಿ ನೋಡಿ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ. ಅಗ್ಗದ ಸ್ಟೇನ್‌ಲೆಸ್ ಚಾಕುಗಳಲ್ಲಿ ಆಗುವುದು ಇದರ ತದ್ವಿರುದ್ಧ. ಇಂಗಾಲ ತೀರಾ ಕಡಿಮೆ, ಹದವೂ ಅಷ್ಟಕ್ಕಷ್ಟೆ. ಹೊಳಪು ಉಳಿಯುತ್ತದೆ, ಹರಿತ ಉಳಿಯುವುದಿಲ್ಲ. ಆರಂಭದ ಮಗುವಿನ ಪ್ರಶ್ನೆಗೆ ಉತ್ತರ ಇಲ್ಲಿದೆ.

ಒಂದೇ ಚಾಕು, ನಾಲ್ಕು ಗಡಸುತನ

ಹಾಗಾದರೆ ಎಲ್ಲಕ್ಕಿಂತ ಗಡಸಾದ ಉಕ್ಕೇ ಉತ್ತಮವೆ? ಇದಕ್ಕೆ ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಕೆಂಪು ಜೇಬುಚಾಕು ಚೆನ್ನಾಗಿ ಉತ್ತರ ಹೇಳುತ್ತದೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಕ್ ಎಂಬ ಊರಿನಲ್ಲಿ ಕಾರ್ಖಾನೆ ತೆರೆದು, 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಒದಗಿಸಿದರು. ತಾಯಿ ವಿಕ್ಟೋರಿಯಾ ಅವರ ಹೆಸರಿಗೆ, ಸ್ಟೇನ್‌ಲೆಸ್ ಉಕ್ಕನ್ನು ಸೂಚಿಸುವ ಫ್ರೆಂಚ್ ಮಾತು 'ಇನಾಕ್ಸ್' ಸೇರಿ 1921ರಲ್ಲಿ 'ವಿಕ್ಟೋರಿನಾಕ್ಸ್' ಆಯಿತು. ಕಂಪನಿಯ ಹೆಸರಿನಲ್ಲೇ ಉಕ್ಕಿನ ಚರಿತ್ರೆ ಇದೆ.

ಗಡಸುತನವನ್ನು ಅಳೆಯಲು ಕಾರ್ಖಾನೆಗಳಲ್ಲಿ ರಾಕ್‌ವೆಲ್ ಮಾಪಕ ಬಳಸುತ್ತಾರೆ. ವಜ್ರದ ಮೊನೆಯನ್ನು 150 ಕಿಲೋಗ್ರಾಂ ಭಾರದಿಂದ ಒತ್ತಿ, ಅದು ಎಷ್ಟು ಆಳಕ್ಕಿಳಿಯಿತೆಂದು ನೋಡುವ ವಿಧಾನವಿದು. ಕಡಿಮೆ ಇಳಿದಷ್ಟೂ ಅಂಕಿ ಹೆಚ್ಚು. ಸ್ವಿಸ್ ಚಾಕುವಿನ ಅಲಗನ್ನು 1040 ಡಿಗ್ರಿಯಲ್ಲಿ ಕಾಯಿಸಿ ತಣಿಸಿ, 160 ಡಿಗ್ರಿಯಲ್ಲಿ ಹದಗೊಳಿಸುತ್ತಾರೆ. ಅದರ ಗಡಸುತನ 56. ಅದೇ ಚಾಕುವಿನ ಗರಗಸ, ಕತ್ತರಿಗಳದ್ದು 53. ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆಯದ್ದು 52. ಸ್ಪ್ರಿಂಗಿನದ್ದು 49.

ಅಲಗು ಸವೆಯಬಾರದು, ಆದ್ದರಿಂದ ಗಡಸು. ಸ್ಕ್ರೂಡ್ರೈವರ್ ತಿರುಚಿದಾಗ ಮುರಿಯಬಾರದು, ಆದ್ದರಿಂದ ತುಸು ಮೆತ್ತಗೆ. ಸ್ಪ್ರಿಂಗು ಸಾವಿರಾರು ಬಾರಿ ಬಾಗಿ ಏಳಬೇಕು, ಆದ್ದರಿಂದ ಇನ್ನೂ ಮೆತ್ತಗೆ. 'ಒಳ್ಳೆಯ ಉಕ್ಕು ಯಾವುದು?' ಎಂದು ಕೇಳುವ ಮೊದಲು 'ಯಾವ ಕೆಲಸಕ್ಕೆ?' ಎಂದು ಕೇಳಬೇಕೆಂಬುದನ್ನು ಅಂಗೈಯಗಲದ ಈ ಚಾಕು ಕಲಿಸುತ್ತದೆ.

ಅಂಕೆಗಳ ಭಾಷೆ

ಉತ್ತಮ ಚಾಕುಗಳ ಅಲಗಿನ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ಉಕ್ಕಿನ ಸಂಖ್ಯೆ ಇರುವುದುಂಟು. ಆವರ್ತ ಕೋಷ್ಟಕ ಓದಿದ ವಿದ್ಯಾರ್ಥಿಗೆ ಅದನ್ನು ಬಿಡಿಸುವುದು ಕಷ್ಟವಲ್ಲ. ಜರ್ಮನಿಯ ಅಡುಗೆ ಚಾಕುಗಳಲ್ಲಿ ಸಾಮಾನ್ಯವಾದ 'ಎಕ್ಸ್50 ಸಿಆರ್ ಎಂಒ ವಿ 15' ಎಂಬುದನ್ನೇ ನೋಡಿ. 50 ಎಂದರೆ ಶೇ 0.50 ಇಂಗಾಲ. 'ಸಿಆರ್' ಕ್ರೋಮಿಯಂ, ಅದರ ಪ್ರಮಾಣ ಕೊನೆಯ 15. 'ಎಂಒ' ಮಾಲಿಬ್ಡಿನಂ, 'ವಿ' ವನೇಡಿಯಂ. ಅಮೆರಿಕದ '1095'ರಲ್ಲಿ ಮೊದಲ 10 ಎಂದರೆ ಸಾದಾ ಇಂಗಾಲದ ಉಕ್ಕು, 95 ಎಂದರೆ ಶೇ 0.95 ಇಂಗಾಲ. '420' ಕಡಿಮೆ ಇಂಗಾಲದ ಸ್ಟೇನ್‌ಲೆಸ್. '440ಸಿ' ಎಂಬುದರಲ್ಲಿ ಇಂಗಾಲ ಶೇ 1ರ ಸುತ್ತಮುತ್ತ. ಜಪಾನಿನ 'ವಿಜಿ10'ರಲ್ಲೂ ಇಂಗಾಲ ಅಷ್ಟೇ, ಜತೆಗೆ ಒಂದಿಷ್ಟು ಕೋಬಾಲ್ಟ್.

ಇಂಗಾಲ, ಕ್ರೋಮಿಯಂ ಹೆಚ್ಚಿಸುತ್ತ ಹೋದಂತೆ ಕಾರ್ಬೈಡ್ ಕಣಗಳು ದೊಡ್ಡವಾಗಿ, ಮುದ್ದೆಯಲ್ಲಿ ಗಂಟು ಕಟ್ಟಿದಂತೆ ಅಲ್ಲಲ್ಲಿ ಗುಂಪುಗೂಡುತ್ತವೆ. ತೆಳ್ಳನೆಯ ಅಂಚಿನಲ್ಲಿ ಇಂಥ ಗಂಟು ಕಿತ್ತುಬಂದರೆ ಅಲಗು ಚೂರೆದ್ದಂತೆಯೇ. ಇದಕ್ಕೆ ಪರಿಹಾರವಾಗಿ ಬಂದದ್ದು ಪುಡಿಲೋಹ ವಿಧಾನ. ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಒಡ್ಡಿ ನುಣ್ಣನೆಯ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಭಾರೀ ಒತ್ತಡ, ಶಾಖಗಳಲ್ಲಿ ಮತ್ತೆ ಒಂದುಗೂಡಿಸುತ್ತಾರೆ. ಗಂಟಿಗೆ ಅವಕಾಶವೇ ಇಲ್ಲ. ಅಮೆರಿಕದಲ್ಲಿ 2001ರಲ್ಲಿ ಚಾಕುಗಳಿಗೆಂದೇ ರೂಪಿಸಿದ 'ಎಸ್30ವಿ' ಉಕ್ಕು ಹೀಗೆ ಹುಟ್ಟಿದ್ದು. ಅದರಲ್ಲಿ ಶೇ 1.45 ಇಂಗಾಲ, ಶೇ 14 ಕ್ರೋಮಿಯಂ, ಶೇ 4 ವನೇಡಿಯಂ. ವನೇಡಿಯಂ ಕಾರ್ಬೈಡ್ ಕ್ರೋಮಿಯಂ ಕಾರ್ಬೈಡ್‌ಗಿಂತಲೂ ಗಡಸು, ಆದ್ದರಿಂದ ಅಲಗು ಬಹುಕಾಲ ಸವೆಯದು. ಆದರೆ ಸವೆಯದ ಅಲಗನ್ನು ಮನೆಯ ಸಾಣೆಕಲ್ಲಿನಲ್ಲಿ ಮಸೆಯುವುದೂ ಅಷ್ಟೇ ಕಷ್ಟ. ಬೆಲೆಯೂ ಹೆಚ್ಚು.

ಮೂಸೆಯ ಉಕ್ಕು

ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನೂ ಸೌದೆ-ಸೊಪ್ಪನ್ನೂ ಇಟ್ಟು, ಬಾಯಿ ಮುಚ್ಚಿ ಕಾಯಿಸಿ ತೆಗೆಯುತ್ತಿದ್ದ ಉಕ್ಕು ಯುರೋಪಿನಲ್ಲಿ 'ವೂಟ್ಜ್' ಎಂದು ಹೆಸರಾಯಿತು. ಈ ಪದ 'ಉಕ್ಕು' ಎಂಬುದರಿಂದಲೇ ಬಂದಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಮೈಸೂರು ಸೀಮೆಯಲ್ಲಿ 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮೂಸೆಯ ಉಕ್ಕಿನ ತಯಾರಿಕೆಯನ್ನು ದಾಖಲಿಸಿದ್ದಾರೆ.

ವಿದ್ಯುತ್ತಿನ ಪಾಠದಲ್ಲಿ ಬರುವ ಮೈಕೆಲ್ ಫ್ಯಾರಡೆ, ಮೂಲತಃ ಕಮ್ಮಾರನ ಮಗ, ಈ ವೂಟ್ಜ್‌ನ ಗುಟ್ಟು ಬಿಡಿಸಲು ಹೊರಟಿದ್ದರು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕರ ಜತೆಗೂಡಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂ ಮುಂತಾದವನ್ನು ಬೆರೆಸಿ ನೋಡಿದರು. 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಗುಟ್ಟು ಪೂರ್ತಿ ಬಿಡಲಿಲ್ಲ. 1998ರಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವೆರ್‌ಹೋವನ್ ಮತ್ತು ಕತ್ತಿ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಒಂದು ಸಂಗತಿ ತೋರಿಸಿಕೊಟ್ಟರು. ವೂಟ್ಜ್ ಕತ್ತಿಗಳ ಮೈಮೇಲಿನ ಅಲೆಯಂಥ ವಿನ್ಯಾಸಕ್ಕೆ ಕಾರಣ ಅದಿರಿನಲ್ಲಿದ್ದ ಅತ್ಯಲ್ಪ ಪ್ರಮಾಣದ ವನೇಡಿಯಂನಂಥ ಧಾತುಗಳು. ಇಂದಿನ ದುಬಾರಿ ಉಕ್ಕಿಗೆ ಬೇಕೆಂದೇ ಬೆರೆಸುವ ಧಾತು ಅಂದಿನ ಮೂಸೆಯಲ್ಲಿ ಗೊತ್ತಿಲ್ಲದೆಯೇ ಕೆಲಸ ಮಾಡುತ್ತಿತ್ತು.

ಕೊಳ್ಳುವಾಗ, ಬಳಸುವಾಗ

ದಿನವೂ ತರಕಾರಿ ಹೆಚ್ಚುವ ಮನೆಗೆ ಶೇ 0.5ರ ಸುಮಾರು ಇಂಗಾಲ, ಶೇ 14-15 ಕ್ರೋಮಿಯಂ ಇರುವ, 55-57 ಗಡಸುತನದ ಸ್ಟೇನ್‌ಲೆಸ್ ಚಾಕು ಧಾರಾಳ ಸಾಕು. ಬೇಗ ಮಸೆಯಬಹುದು, ಕೈತಪ್ಪಿ ಬಿದ್ದರೂ ಚೂರೇಳುವುದು ಅಪರೂಪ. 60 ದಾಟಿದ ಜಪಾನಿ ಚಾಕು ಬಲು ಹರಿತ. ಆದರೆ ಮೂಳೆ, ತೆಂಗಿನ ಚಿಪ್ಪುಗಳಿಗೆ ಅದನ್ನು ಬಳಸಬಾರದು. ಒರೆಸಿಡುವ ಅಭ್ಯಾಸವಿದ್ದವರಿಗೆ ಸಾದಾ ಇಂಗಾಲದ ಉಕ್ಕಿನಂಥ ಸ್ನೇಹಿತನಿಲ್ಲ. ಎಳನೀರು ಕೊಚ್ಚುವ ಮಚ್ಚಿಗೆ ಗಡಸುತನಕ್ಕಿಂತ ತಾಳಿಕೆ ಮುಖ್ಯ. ಕಮಾನು ಪಟ್ಟಿಯ ಉಕ್ಕು ಅದಕ್ಕೆ ಹೇಳಿ ಮಾಡಿಸಿದಂಥದು.

ಉಕ್ಕು ಯಾವುದೇ ಇರಲಿ, ಎರಡು ಎಚ್ಚರಿಕೆ ಅಗತ್ಯ. ಚಾಕುವನ್ನು ಗ್ಯಾಸ್ ಉರಿಗೆ ಹಿಡಿಯಬಾರದು. ಸಾಣೆ ಚಕ್ರಕ್ಕೆ ಒಣದಾಗಿ ಒತ್ತಿ ಹಿಡಿಯಲು ಬಿಡಬಾರದು. ಅಂಚು ನೀಲಿಗಟ್ಟಿತೆಂದರೆ ಅಲ್ಲಿ ಹದ ಹೋಯಿತೆಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಮೊಂಡು ಚಾಕುವನ್ನು ಹಾಗೆಯೇ ಬಳಸುವುದೂ ಸರಿಯಲ್ಲ. ಹರಿತವಾದ ಚಾಕು ಕೈ ಹೇಳಿದಲ್ಲಿ ಹೋಗುತ್ತದೆ. ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರುವುದು.

ಮಾಡಿ ನೋಡಿ

* ಒಂದು ಅಯಸ್ಕಾಂತವನ್ನು ಅಡುಗೆ ಚಾಕುವಿಗೆ ಹಿಡಿಯಿರಿ, ಅಂಟುತ್ತದೆ. ಉತ್ತಮ ಸ್ಟೀಲ್ ತಟ್ಟೆಗೆ ಹಿಡಿಯಿರಿ, ಅಂಟುವುದಿಲ್ಲ ಅಥವಾ ಅಂಟಿದರೂ ತೀರಾ ದುರ್ಬಲವಾಗಿ. ಇಂಥ ತಟ್ಟೆಯಲ್ಲಿ ಶೇ 18 ಕ್ರೋಮಿಯಂ ಜತೆ ಶೇ 8 ನಿಕಲ್ ಇರುತ್ತದೆ. ನಿಕಲ್‌ನಿಂದಾಗಿ ಆಸ್ಟೆನೈಟ್ ಜೋಡಣೆಯೇ ತಣ್ಣಗಾದರೂ ಉಳಿಯುತ್ತದೆ. ಅದು ಅಯಸ್ಕಾಂತಕ್ಕೆ ಒಲಿಯದು, ನೀರಿಗದ್ದಿದರೂ ಗಡಸಾಗದು. ಆದರೆ ಅಂಟಿದ ಮಾತ್ರಕ್ಕೆ ಚಾಕು ಒಳ್ಳೆಯದೆಂದು ಹೇಳುವಂತಿಲ್ಲ.

* ಹೊಲಿಗೆ ಸೂಜಿಗಳ ಈ ಪ್ರಯೋಗವನ್ನು ಹಿರಿಯರ ಎದುರಿನಲ್ಲೇ, ಕನ್ನಡಕ ಧರಿಸಿ ಮಾಡಬೇಕು. ಮೂರು ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ. ಮೊದಲನೆಯದನ್ನು ನಿಧಾನವಾಗಿ ಆರಿಸಿ. ಉಳಿದೆರಡನ್ನು ಕೆಂಪಗಿರುವಾಗಲೇ ನೀರಿಗೆ ಅದ್ದಿ. ಮೂರನೆಯದನ್ನು ಎಮರಿ ಕಾಗದದಿಂದ ಉಜ್ಜಿ, ಉರಿಯಿಂದ ದೂರ ಹಿಡಿದು ನೀಲಿ ಬಣ್ಣ ಬರುವವರೆಗೆ ಮಾತ್ರ ಮತ್ತೆ ಕಾಯಿಸಿ. ತಣಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಬಾಗಿಸಿ ನೋಡಿ. ಮೊದಲನೆಯದು ಬಾಗಿ ಹಾಗೆಯೇ ಉಳಿಯುತ್ತದೆ. ಎರಡನೆಯದು ಪಟ್ಟನೆ ಮುರಿಯುತ್ತದೆ. ಮೂರನೆಯದು ಬಾಗಿ ಮತ್ತೆ ನೇರವಾಗುತ್ತದೆ. ಮೂರೂ ಒಂದೇ ಉಕ್ಕು, ಬೇರೆಯಾದದ್ದು ಹದ ಮಾತ್ರ.