ಗೆದ್ದ ತಂಡ ಮರುವರ್ಷ ಸೋಲುವುದೇಕೆ?

ಬೆಂಗಳೂರಿನ ದಕ್ಷಿಣದ ಸುಬ್ರಹ್ಮಣ್ಯಪುರದಲ್ಲಿ ಸಂಜೆಯ ಹೊತ್ತು ಖಾಲಿ ನಿವೇಶನವೊಂದರ ಬಳಿ ನಿಂತರೆ, ಟೆನ್ನಿಸ್ ಚೆಂಡಿನಿಂದ ಕ್ರಿಕೆಟ್ ಆಡುವ ಹುಡುಗರ ಗುಂಪು ಕಣ್ಣಿಗೆ ಬೀಳದೆ ಇರದು. ಆಟ ಮುಗಿದ ಮೇಲೆ ಕಲ್ಲುಚಪ್ಪಡಿಗಳ ಮೇಲೆ ಕುಳಿತು ಅವರು ನಡೆಸುವ ಚರ್ಚೆಯಾದರೋ ಆಟಕ್ಕಿಂತಲೂ ಉಗ್ರವಾದುದು. 2017ರ ಬೇಸಗೆಯಲ್ಲಿ ಊರಿನ ಎಲ್ಲ ಬಡಾವಣೆಗಳಲ್ಲಿಯೂ ಆ ಚರ್ಚೆಗೆ ಇದ್ದುದು ಒಂದೇ ವಿಷಯ. ಹಿಂದಿನ ವರ್ಷ ಇಂಡಿಯನ್ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯವನ್ನು ಮುಟ್ಟಿ, ಕೇವಲ 8 ರನ್ನುಗಳಿಂದ ಕಪ್ಪನ್ನು ಕಳೆದುಕೊಂಡಿದ್ದ ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್ ತಂಡವು ಈ ವರ್ಷ ಎಂಟು ತಂಡಗಳಲ್ಲಿ ಎಂಟನೆಯದಾಗಿ ನಿಂತುದೇಕೆ? ನಾಯಕನ ತಪ್ಪೆಂದು ಒಬ್ಬನು, ಶಿಕ್ಷಕನ ತಪ್ಪೆಂದು ಮತ್ತೊಬ್ಬನು, ಗೆಲುವಿನಿಂದ ಆಟಗಾರರ ತಲೆ ತಿರುಗಿತೆಂದು ಮೂರನೆಯವನು. ‘ಈ ಸಲ ಕಪ್ ನಮ್ದೇ’ ಎಂದು ಮುಂಚೆಯೇ ಕೂಗಿ ದೃಷ್ಟಿ ತಾಗಿಸಿದೆವೆಂದು ಹೇಳಿದವರೂ ಉಂಟು.

ಈ ಪ್ರಶ್ನೆಗೆ ಗಣಿತವು ಕೊಡುವ ಉತ್ತರವೊಂದಿದೆ. ಅದು ಸ್ವಲ್ಪ ವಿಚಿತ್ರವಾಗಿ ತೋರಬಹುದು. ಆದರೆ ಕ್ರಿಕೆಟ್ಟಿಗೆ ಮಾತ್ರವಲ್ಲದೆ, ಪರೀಕ್ಷೆ ಬರೆಯುವ ವಿದ್ಯಾರ್ಥಿಗೂ ಅದು ಅಷ್ಟೇ ಅನ್ವಯಿಸುವುದರಿಂದ ನಿಧಾನವಾಗಿ ವಿಚಾರಮಾಡಲು ಯೋಗ್ಯವಾಗಿದೆ.

ಮೊದಲು ನಡೆದ ಸಂಗತಿಗಳನ್ನು ನೋಡೋಣ. 2016ರಲ್ಲಿ ತಂಡವು ಮೊದಲ 7 ಪಂದ್ಯಗಳಲ್ಲಿ ಗೆದ್ದುದು ಎರಡನ್ನು ಮಾತ್ರ. ಅನಂತರದ 7ರಲ್ಲಿ ಆರನ್ನು ಗೆದ್ದು ಎರಡನೆಯ ಸ್ಥಾನಕ್ಕೆ ಏರಿತು. ಮೇ 14ರಂದು ಗುಜರಾತ್ ಲಯನ್ಸ್ ತಂಡದ ಮೇಲೆ ವಿರಾಟ್ ಕೊಹ್ಲಿ ಮತ್ತು ಎ. ಬಿ. ಡಿವಿಲಿಯರ್ಸ್ ಇಬ್ಬರೂ ಶತಕ ಹೊಡೆದರು. ತಂಡ 144 ರನ್ನುಗಳಿಂದ ಗೆದ್ದಿತು. ಆ ಋತುವಿನಲ್ಲಿ ಕೊಹ್ಲಿಯವರು 16 ಪಂದ್ಯಗಳಿಂದ ಗಳಿಸಿದ ರನ್ನುಗಳು 973. ಅಲ್ಲಿಯವರೆಗಿನ ದಾಖಲೆ 733 ಮಾತ್ರವಾಗಿತ್ತು. ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸನ್‌ರೈಸರ್ಸ್ ಹೈದರಾಬಾದಿನ 208 ರನ್ನುಗಳನ್ನು ಬೆನ್ನಟ್ಟಿ 200ಕ್ಕೆ ನಿಂತಾಗ ಆ ಕಥೆ ಮುಗಿಯಿತು.

ಮರುವರ್ಷ 14 ಪಂದ್ಯಗಳಲ್ಲಿ ಗೆಲುವು 3, ಸೋಲು 10; ಒಂದು ಪಂದ್ಯವನ್ನು ಮಳೆ ನುಂಗಿತು. ಏಪ್ರಿಲ್ 23ರಂದು ಕಲಕತ್ತೆಯ ಈಡನ್ ಉದ್ಯಾನದಲ್ಲಿ 132 ರನ್ನುಗಳ ಗುರಿಯನ್ನು ಬೆನ್ನಟ್ಟಿದ ತಂಡ 9.4 ಓವರುಗಳಲ್ಲಿ 49ಕ್ಕೆ ಉರುಳಿತು. ಒಬ್ಬನೇ ಒಬ್ಬ ದಾಂಡಿಗನೂ ಎರಡಂಕಿಯನ್ನು ಮುಟ್ಟಲಿಲ್ಲ. ಅದು ಆವರೆಗೆ ಲೀಗಿನಲ್ಲಿ ಯಾವ ತಂಡವೂ ಗಳಿಸಿರದಿದ್ದ ಕನಿಷ್ಠ ಮೊತ್ತ. ಸರಿಯಾಗಿ ನಾಲ್ಕು ವರ್ಷಗಳ ಹಿಂದೆ, 2013ರ ಅದೇ ಏಪ್ರಿಲ್ 23ರಂದು, ಇದೇ ತಂಡವು 263 ರನ್ ಗಳಿಸಿ ಗರಿಷ್ಠ ಮೊತ್ತದ ದಾಖಲೆಯನ್ನು ಸ್ಥಾಪಿಸಿತ್ತು! ಜ್ಯೋತಿಷಿಗಳ ಕೈಗೆ ಈ ತಾರೀಖು ಸಿಕ್ಕಿದ್ದರೆ ಏನಾಗುತ್ತಿತ್ತೋ ಊಹಿಸಿಕೊಳ್ಳಬಹುದು.

ಈಗ ವಾಚಕರು ಒಂದು ಚಿಕ್ಕ ವಿಷಯವನ್ನು ಗಮನಿಸಬೇಕು. ಕೊಹ್ಲಿಯವರ ರನ್ನುಗಳು 2016ರಲ್ಲಿ 973 ಇದ್ದುದು 2017ರಲ್ಲಿ 308ಕ್ಕೆ ಇಳಿದವು. ‘ಯಶಸ್ಸು ಅವರನ್ನು ಕೆಡಿಸಿತು’ ಎಂದು ಹೇಳಬಹುದಲ್ಲವೆ? ಆದರೆ ಶಿಖರದಿಂದ ಮುಂದಕ್ಕೆ ಇಳಿಯುವ ಬದಲು ಹಿಂದಕ್ಕೆ ಇಳಿದು ನೋಡಿ. 2015ರಲ್ಲಿ ಅವರ ರನ್ನುಗಳು 505; 2014ರಲ್ಲಿ 359. ಮೊದಲ ಎಂಟು ಋತುಗಳಲ್ಲಿ ಒಂದೂ ಶತಕವಿರಲಿಲ್ಲ. 2016ರ ಒಂದೇ ಋತುವಿನಲ್ಲಿ ನಾಲ್ಕು ಬಂದವು. 2016ರ ಯಶಸ್ಸು 2015ರ ಆಟವನ್ನು ಕೆಡಿಸಿತೆಂದು ಯಾರೂ ಹೇಳಲಾರರು. ಶಿಖರದ ಮೇಲೆ ನಿಂತವನಿಗೆ ಎಡಕ್ಕೆ ನೋಡಿದರೂ ಇಳಿಜಾರು, ಬಲಕ್ಕೆ ನೋಡಿದರೂ ಇಳಿಜಾರು. ಹಾಗಿಲ್ಲದಿದ್ದರೆ ಅದು ಶಿಖರವೇ ಆಗುತ್ತಿರಲಿಲ್ಲ.

ಈ ಸತ್ಯವನ್ನು ಮೊದಲು ಅಂಕಿಗಳ ಮೂಲಕ ಕಂಡುಹಿಡಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ. ಇವನು ಚಾರ್ಲ್ಸ್ ಡಾರ್ವಿನ್ನನ ಬಂಧು. ಕೈಗೆ ಸಿಕ್ಕಿದುದನ್ನೆಲ್ಲ ಅಳೆಯುವುದು ಅವನ ಚಟ. 205 ದಂಪತಿಗಳ ಎತ್ತರವನ್ನೂ ಅವರ 928 ಮಂದಿ ಬೆಳೆದ ಮಕ್ಕಳ ಎತ್ತರವನ್ನೂ ಕಲೆಹಾಕಿ, ಅದರ ಫಲಿತಾಂಶವನ್ನು 1886ರಲ್ಲಿ ಪ್ರಕಟಿಸಿದನು. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಸರಾಸರಿಗಿಂತ ಎತ್ತರವಾಗಿಯೇ ಇದ್ದರೂ ತಂದೆತಾಯಿಗಳಷ್ಟು ಎತ್ತರವಿರಲಿಲ್ಲ. ತಂದೆತಾಯಿಗಳು ಸರಾಸರಿಗಿಂತ 3 ಅಂಗುಲ ಎತ್ತರವಿದ್ದರೆ ಮಕ್ಕಳು ಸುಮಾರು 2 ಅಂಗುಲ ಮಾತ್ರ. ಬಹಳ ಗಿಡ್ಡರಾದವರ ಮಕ್ಕಳು ಇದೇ ಪ್ರಮಾಣದಲ್ಲಿ ಮೇಲಕ್ಕೆ ಸರಿದಿದ್ದರು. ಇನ್ನೂ ಆಶ್ಚರ್ಯವೇನೆಂದರೆ, ಬಹಳ ಎತ್ತರದ ಮಕ್ಕಳನ್ನು ಆರಿಸಿಕೊಂಡು ಹಿಂದಕ್ಕೆ ನೋಡಿದರೆ ಅವರ ತಂದೆತಾಯಿಗಳೂ ಅಷ್ಟು ಎತ್ತರವಿರಲಿಲ್ಲ! ಸರಾಸರಿಯ ಕಡೆಗೆ ಆಗುವ ಈ ಮರಳುವಿಕೆಯನ್ನು ನಾವು ಪ್ರತಿಗಮನವೆಂದು ಕರೆಯೋಣ.

ಇದರ ಒಳಗುಟ್ಟು ಸರಳವಾಗಿದೆ. ನಾವು ಅಳೆಯುವ ಅನೇಕ ಫಲಿತಾಂಶಗಳಲ್ಲಿ ಎರಡು ಅಂಶಗಳು ಬೆರೆತಿರುತ್ತವೆ. ಒಂದು, ಸುಲಭವಾಗಿ ಬದಲಾಗದ ಸಾಮರ್ಥ್ಯ. ಇನ್ನೊಂದು, ಇಂದು ಇದ್ದು ನಾಳೆ ಇಲ್ಲದಿರುವ ಆಕಸ್ಮಿಕ. ಅಸಾಧಾರಣ ಫಲಿತಾಂಶವೊಂದನ್ನು ಆರಿಸಿಕೊಂಡಾಗ, ಎರಡೂ ಒಟ್ಟಿಗೆ ಅನುಕೂಲವಾಗಿದ್ದ ಸಂದರ್ಭವನ್ನೇ ನಾವು ಬಹುಮಟ್ಟಿಗೆ ಆರಿಸಿಕೊಂಡಿರುತ್ತೇವೆ. ಮರುಸಲ ಸಾಮರ್ಥ್ಯವು ಹಾಗೆಯೇ ಉಳಿಯುತ್ತದೆ, ಆಕಸ್ಮಿಕವು ಹೊಸದಾಗಿ ಹಂಚಿಕೆಯಾಗುತ್ತದೆ. ಫಲಿತಾಂಶದಲ್ಲಿ ಆಕಸ್ಮಿಕದ ಪಾಲು ಹೆಚ್ಚಿದ್ದಷ್ಟೂ ಮರಳುವಿಕೆಯೂ ಹೆಚ್ಚು.

ಹಾಗಾದರೆ ಹದಿನಾಲ್ಕು ಪಂದ್ಯಗಳ ಋತುವಿನಲ್ಲಿ ಆಕಸ್ಮಿಕದ ಪಾಲು ಎಷ್ಟು? ಇದನ್ನು ತಿಳಿಯಲು ಒಂದು ನಾಣ್ಯ ಸಾಕು. ಸಿಂಹಮುದ್ರೆ ಮೇಲೆ ಬಿದ್ದರೆ ಗೆಲುವು, ಇಲ್ಲವಾದರೆ ಸೋಲು ಎಂದಿಟ್ಟುಕೊಂಡು 14 ಸಲ ಚಿಮ್ಮಿ ನೋಡಿ. ನಾಣ್ಯಕ್ಕೆ ಸಾಮರ್ಥ್ಯವೂ ಇಲ್ಲ, ಅಹಂಕಾರವೂ ಇಲ್ಲ, ನಾಯಕನೂ ಇಲ್ಲ. ಆದರೂ 8 ಅಥವಾ ಅದಕ್ಕಿಂತ ಹೆಚ್ಚು ‘ಗೆಲುವು’ ಬರುವ ಸಂಭವವು ನೂರರಲ್ಲಿ ಸುಮಾರು 40ರಷ್ಟಿದೆ. ನೆನಪಿಡಿ: 2016ರಲ್ಲಿ ಲೀಗ್ ಹಂತದಲ್ಲಿ ನಮ್ಮ ತಂಡ ಗೆದ್ದುದು ಎಂಟು, ಸೋತುದು ಆರು. ನಮ್ಮ ನೆನಪಿನಲ್ಲಿರುವ 2016 ನಿಜವಾದ 2016ಕ್ಕಿಂತ ದೊಡ್ಡದು. ಮೇ 9ರಂದು ಮೊಹಾಲಿಯಲ್ಲಿ ಪಂಜಾಬಿನ ಮೇಲೆ ಬಂದ ಒಂದು ರನ್ನಿನ ಗೆಲುವು ಸೋಲಾಗಿದ್ದರೆ, ಗೆಲುವುಗಳು ಏಳಾಗಿ ಎರಡನೆಯ ಸ್ಥಾನವೇ ಕೈತಪ್ಪುತ್ತಿತ್ತು.

2017ರ ಲೆಕ್ಕಕ್ಕೆ ಬರೋಣ. ಮಳೆಯಿಂದ ಒಂದು ಪಂದ್ಯ ನಿಂತುದರಿಂದ ಆಡಿದುದು 13. ಹದಿಮೂರು ಸಲ ಚಿಮ್ಮಿದ ನಾಣ್ಯದಲ್ಲಿ ಮೂರು ಅಥವಾ ಅದಕ್ಕಿಂತ ಕಡಮೆ ಗೆಲುವು ಬರುವ ಸಂಭವ ಸುಮಾರು 22ರಲ್ಲಿ ಒಂದು. ಇದು ಅಪರೂಪವೇ ಸರಿ. ಆದರೆ ಸುಬ್ರಹ್ಮಣ್ಯಪುರದ ಎಂಟು ಮಂದಿ ಹುಡುಗರು ತಲಾ ಹದಿಮೂರು ಸಲ ಚಿಮ್ಮಿದರೆ, ಅವರಲ್ಲಿ ಯಾವನಾದರೊಬ್ಬನಿಗೆ ಇಂತಹ ದುರ್ಗತಿ ಒದಗುವ ಸಂಭವವು ನೂರರಲ್ಲಿ 31! ಎಂದರೆ, ಎಲ್ಲ ತಂಡಗಳೂ ಸರಿಸಮಾನವಾಗಿದ್ದರೂ ಸರಿಸುಮಾರು ಮೂರು ವರ್ಷಕ್ಕೊಮ್ಮೆ ಯಾರೋ ಒಬ್ಬರು ಮೂರೇ ಗೆಲುವಿನೊಡನೆ ಮನೆಗೆ ಹೋಗಬಹುದು. ತಂಡದ ಸಾಮರ್ಥ್ಯವು ತುಸು ಕುಂದಿ, ಪ್ರತಿ ಪಂದ್ಯದಲ್ಲಿ ಗೆಲ್ಲುವ ಸಂಭವ ನೂರಕ್ಕೆ 50ರಿಂದ 40ಕ್ಕೆ ಇಳಿಯಿತೆನ್ನಿ. ಆಗ ಆ ತಂಡಕ್ಕೇ ಅಂತಹ ಋತು ಒದಗುವ ಸಂಭವ ಆರರಲ್ಲಿ ಒಂದಾಗುತ್ತದೆ. ಸಣ್ಣ ಕುಂದೊಂದು ದೊಡ್ಡ ಪತನದಂತೆ ಕಾಣಿಸಲು ಇಷ್ಟು ಸಾಕು.

ಪಂದ್ಯಗಳ ಸಂಖ್ಯೆ ಹೆಚ್ಚಿದಷ್ಟೂ ಆಕಸ್ಮಿಕಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅಮೆರಿಕದ ಬೇಸ್‌ಬಾಲ್ ತಂಡಗಳು ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತವೆ. ಅಲ್ಲಿ ಗೆಲುವಿನ ಪ್ರಮಾಣದಲ್ಲಿ ಆಕಸ್ಮಿಕದಿಂದಾಗುವ ಸಾಮಾನ್ಯ ಏರುಪೇರು ನೂರಕ್ಕೆ ಸುಮಾರು 4. ನಮ್ಮ ಹದಿನಾಲ್ಕು ಪಂದ್ಯಗಳಲ್ಲಿಯಾದರೋ ಅದು ಸುಮಾರು 13.

ಹಾಗೆಂದು ಎಲ್ಲವನ್ನೂ ನಾಣ್ಯದ ತಲೆಗೆ ಕಟ್ಟುವುದು ತಪ್ಪಾದೀತು. 2017ರಲ್ಲಿ ನಿಜವಾದ ಕಾರಣಗಳೂ ಇದ್ದವು. ಹಿಂದಿನ ವರ್ಷ 397 ರನ್ ಗಳಿಸಿದ್ದ ಕೆ. ಎಲ್. ರಾಹುಲ್ ಭುಜದ ಗಾಯದಿಂದ ಇಡೀ ಋತುವಿಗೆ ಗೈರುಹಾಜರಾದರು. 2016ರಲ್ಲಿ 687 ರನ್ ಗಳಿಸಿದ್ದ ಡಿವಿಲಿಯರ್ಸ್ ಈ ಸಲ ಆಡಿದುದು 9 ಪಂದ್ಯಗಳು, ಗಳಿಸಿದುದು 216. ಕೊಹ್ಲಿಯವರು ಆ ಮಾರ್ಚಿಯಲ್ಲಿ ರಾಂಚಿಯ ಟೆಸ್ಟ್ ಪಂದ್ಯದಲ್ಲಿ ಭುಜಕ್ಕೆ ಪೆಟ್ಟುಮಾಡಿಕೊಂಡು ಮೊದಲ ಮೂರು ಪಂದ್ಯಗಳನ್ನು ತಪ್ಪಿಸಿಕೊಂಡರು. ಇಲ್ಲಿ ಒಂದು ತಮಾಷೆ ಇದೆ. ಅವರಿಲ್ಲದ ಆ ಮೂರು ಪಂದ್ಯಗಳಲ್ಲಿ ತಂಡ ಒಂದನ್ನು ಗೆದ್ದಿತು. ಅವರು ಬಂದು ಆಡಿದ ಹತ್ತರಲ್ಲಿ ಗೆದ್ದುದು ಎರಡೇ! ಇದರಿಂದ ಕೊಹ್ಲಿಯವರಿಲ್ಲದಿದ್ದರೇ ತಂಡಕ್ಕೆ ಒಳ್ಳೆಯದೆಂದು ವಾದಿಸುವವನನ್ನು ನೀವು ನಕ್ಕು ಸುಮ್ಮನಾಗಿಸುವಿರಿ, ಮೂರು ಪಂದ್ಯಗಳಿಂದ ಏನು ತಿಳಿದೀತು ಎಂದು. ಸರಿಯಷ್ಟೆ. ಆದರೆ ಮೂರಕ್ಕೆ ತೋರಿಸುವ ಈ ಎಚ್ಚರವನ್ನು ನಾವು ಹದಿಮೂರಕ್ಕೆ ತೋರಿಸುವುದಿಲ್ಲ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಅದೇ ಕಾಲದಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಎಂಬ ತಂಡವು 2015ರ ಋತುವಿನ 16 ಪಂದ್ಯಗಳಲ್ಲಿ 15ನ್ನು ಗೆದ್ದು, ‘ಸೂಪರ್ ಬೌಲ್’ ಎಂಬ ಅಂತಿಮ ಪಂದ್ಯದಲ್ಲಿ ಡೆನ್ವರ್ ಬ್ರಾಂಕೋಸ್ ತಂಡಕ್ಕೆ ಸೋತಿತು. 2016ರಲ್ಲಿ ಅದರ ಗೆಲುವುಗಳು 6ಕ್ಕೆ ಇಳಿದವು, ಸೋಲುಗಳು 10ಕ್ಕೆ ಏರಿದವು. ಆ ಋತುವಿನ ಮೊದಲ ಪಂದ್ಯವನ್ನು ಅದು ಅದೇ ಡೆನ್ವರಿಗೆ 20–21ರಿಂದ, ಒಂದೇ ಅಂಕದಲ್ಲಿ, ಕಳೆದುಕೊಂಡಿತು. ಅಲ್ಲಿನ ಲೀಗು ಕಾಲೇಜುಗಳಿಂದ ಬರುವ ಹೊಸ ಆಟಗಾರರನ್ನು ಮೊದಲು ಆರಿಸುವ ಹಕ್ಕನ್ನು ಹಿಂದುಳಿದ ತಂಡಗಳಿಗೆ ಕೊಡುತ್ತದೆ. ನಮ್ಮ ಲೀಗು ಎಲ್ಲ ತಂಡಗಳ ಖರ್ಚಿಗೂ ಒಂದೇ ಮಿತಿಯನ್ನು ಹಾಕುತ್ತದೆ. ತಂಡಗಳು ಹೀಗೆ ಸಮಬಲವಾದಷ್ಟೂ ಗೆಲುವನ್ನು ತೀರ್ಮಾನಿಸುವ ಕೆಲಸ ಆಕಸ್ಮಿಕದ ಪಾಲಿಗೆ ಹೆಚ್ಚು ಬೀಳುತ್ತದೆ. ಅಮೆರಿಕದಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಬಂದ ಆಟಗಾರನಿಗೆ ಮುಂದೆ ಕೇಡು ತಪ್ಪದೆಂಬ ನಂಬಿಕೆ ಇದೆ. ನಮ್ಮವರ ದೃಷ್ಟಿದೋಷಕ್ಕೆ ಅದು ಖಾಸಾ ತಮ್ಮ. ಆಟಗಾರನು ಶಿಖರದ ಮೇಲಿದ್ದಾಗಲ್ಲದೆ ಮುಖಪುಟಕ್ಕೆ ಬರುವುದೆಂತು? ಬಂದ ಮೇಲೆ ಇಳಿಯದೆ ಹೋಗುವುದೆಂತು?

ಪ್ರತಿಗಮನವನ್ನು ಅರಿಯದಿದ್ದರೆ ಆಗುವ ಹಾನಿ ಆಟದ ಮೈದಾನಕ್ಕೆ ಮುಗಿಯುವುದಿಲ್ಲ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಒಮ್ಮೆ ಇಸ್ರೇಲಿನ ವಿಮಾನ ಶಿಕ್ಷಕರಿಗೆ ಉಪನ್ಯಾಸ ಮಾಡುತ್ತಿದ್ದರು. ಬೈಯುವುದಕ್ಕಿಂತ ಹೊಗಳಿಕೆಯಿಂದ ಕಲಿಕೆ ಹೆಚ್ಚು ಎಂದು ಅವರು ಹೇಳಿದಾಗ ಹಿರಿಯ ಶಿಕ್ಷಕನೊಬ್ಬನು ಒಪ್ಪಲಿಲ್ಲ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮರುಸಲ ಕೆಡಿಸುತ್ತಾನೆ, ಕೆಡಿಸಿದವನನ್ನು ಗದರಿಸಿದರೆ ಮರುಸಲ ಸುಧಾರಿಸುತ್ತಾನೆ ಎಂಬುದು ಅವನ ಅನುಭವ. ಅನುಭವವೇನೋ ನಿಜ, ಆದರೆ ಅವನು ಅದರಿಂದ ತೆಗೆದ ತೀರ್ಮಾನ ಸುಳ್ಳು. ಹೊಗಳದಿದ್ದರೂ ಮೊದಲನೆಯವನು ಇಳಿಯುತ್ತಿದ್ದನು, ಗದರದಿದ್ದರೂ ಎರಡನೆಯವನು ಏರುತ್ತಿದ್ದನು. ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇದೇ ನಡೆಯುತ್ತದೆಯೆಂದು ನನ್ನ ಶಂಕೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತರಗತಿಗೇ ಮೊದಲಿಗಳಾದ ಹುಡುಗಿ ಮುಂದಿನ ಪರೀಕ್ಷೆಯಲ್ಲಿ ನಾಲ್ಕನೆಯವಳಾದರೆ, ‘ಹೊಗಳಿದ್ದೇ ತಪ್ಪಾಯಿತು’ ಎನ್ನುತ್ತಾರೆ. ಅವಳು ಓದಿದ್ದ ಪಾಠದಿಂದಲೇ ಮೊದಲ ಸಲ ಎರಡು ಪ್ರಶ್ನೆ ಹೆಚ್ಚಾಗಿ ಬಂದಿದ್ದಿರಬಹುದು. ಕೊನೆಯವನಾದ ಹುಡುಗ ಬೆತ್ತದ ಏಟು ತಿಂದು ಸುಧಾರಿಸಿದರೆ ಕೀರ್ತಿಯೆಲ್ಲ ಬೆತ್ತಕ್ಕೆ! ತಪ್ಪು ಲೆಕ್ಕದಿಂದ ಪೆಟ್ಟು ತಿಂದ ಮಕ್ಕಳ ಸಂಖ್ಯೆಯನ್ನು ಯಾರೂ ಎಣಿಸಿಟ್ಟಿಲ್ಲ.

ಮದ್ದಿನ ಪರೀಕ್ಷೆಯೂ ಇದರಿಂದಲೇ ಕಷ್ಟವಾಗುತ್ತದೆ. 2018ರಲ್ಲಿ ನಮ್ಮ ತಂಡದ ಗೆಲುವುಗಳು ಮೂರರಿಂದ ಆರಕ್ಕೆ ಏರಿದವು. ಹರಾಜಿನಿಂದ ಆಟಗಾರರು ಬಹುಮಟ್ಟಿಗೆ ಬದಲಾಗಿದ್ದರು, ನಿಜ. ಆದರೆ ಹಿಂದಿನ ವರ್ಷ ಎಲ್ಲರೂ ಬೈದಿದ್ದ ನಾಯಕ ಕೊಹ್ಲಿ ಮತ್ತು ಶಿಕ್ಷಕ ಡೇನಿಯಲ್ ವೆಟ್ಟೋರಿ ಅಲ್ಲಿಯೇ ಇದ್ದರು. 2019ಕ್ಕೆ ಶಿಕ್ಷಕನನ್ನು ಬದಲಿಸಿ ಗ್ಯಾರಿ ಕರ್ಸ್ಟನ್ ಅವರನ್ನು ತಂದರು. ತಂಡವು ಮೊದಲ ಆರು ಪಂದ್ಯಗಳನ್ನು ಸಾಲಾಗಿ ಸೋತು, ಐದು ಗೆಲುವುಗಳೊಡನೆ ಮತ್ತೆ ಎಂಟನೆಯ ಸ್ಥಾನಕ್ಕೆ ಬಂದಿತು. ಬದಲಾವಣೆ 2017ರ ಮರುದಿನವೇ ಆಗಿದ್ದರೆ, 2018ರ ಏರಿಕೆಯನ್ನು ನಾವೆಲ್ಲರೂ ಹೊಸ ಶಿಕ್ಷಕನ ಪವಾಡವೆಂದು ಕೊಂಡಾಡುತ್ತಿದ್ದೆವು.

ಬೆಂಗಳೂರು ಎಂದು ಹೆಸರನ್ನು ತಿದ್ದಿಕೊಂಡ ಇದೇ ತಂಡವು ತನ್ನ ಹದಿನೆಂಟನೆಯ ಋತುವಿನಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಕೊನೆಗೂ ಕಪ್ಪನ್ನು ಪಡೆಯಿತು. 2009ರಲ್ಲಿ ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯವನ್ನು ಅದು ಕಳೆದುಕೊಂಡಿದ್ದುದೂ 6 ರನ್ನುಗಳಿಂದಲೇ. ಎರಡು ಪಂದ್ಯಗಳಲ್ಲಿಯೂ ಆಡಿದ ಕೊಹ್ಲಿಯವರು ಕಪ್ಪು ಬಂದ ಆ ಋತುವಿನಲ್ಲಿ ಗಳಿಸಿದ ರನ್ನುಗಳು 657.